ಕೀನ್ಯಾದಲ್ಲಿ ರಸ್ತೆ ಪ್ರಯಾಣ ಎಷ್ಟು ಸುರಕ್ಷಿತ? ಮಕ್ಕಳ ಜೊತೆ ನೈರೋಬಿಗೆ ಬರುತ್ತಿದ್ದೇವೆ

ಚಿಕ್ಕ ಉತ್ತರ ಮೊದಲು ಹೇಳಿಬಿಡುತ್ತೇನೆ. ಹಗಲು ಹೊತ್ತು ಧೈರ್ಯವಾಗಿ ಓಡಾಡಿ. ಕತ್ತಲಾದ ಮೇಲೆ ಊರು ಬಿಟ್ಟು ಹೈವೇಗೆ ಹೋಗಬೇಡಿ. ಮೊಂಬಾಸಾಗೆ ರೈಲಿನಲ್ಲಿ ಹೋಗಿ.

ನೀವು ಕೇಳಿದ್ದು ಇಷ್ಟು: ಯಜಮಾನರಿಗೆ ನೈರೋಬಿಯಲ್ಲಿ ಎರಡು ವರ್ಷದ ಕೆಲಸ, ಇಬ್ಬರು ಚಿಕ್ಕ ಮಕ್ಕಳು, ಅಲ್ಲಿನ ಮಟಾಟು ಅನ್ನುವ ವ್ಯಾನುಗಳಲ್ಲಿ ಓಡಾಡಬಹುದಾ, ರಜೆಯಲ್ಲಿ ಕಾರು ಮಾಡಿಕೊಂಡು ಮೊಂಬಾಸಾ, ನಕುರು ಕಡೆ ಹೋಗಬಹುದಾ ಅಂತ. ನಾನು ಇಲ್ಲಿ ಲಾರಿ ಬಿಡಿಭಾಗಗಳ ವ್ಯಾಪಾರದಲ್ಲಿದ್ದೇನೆ. ಯಾವ ರೂಟಿನ ಲಾರಿಗೆ ಬ್ರೇಕ್ ಲೈನಿಂಗ್ ಬೇಗ ಸವೆಯುತ್ತದೆ ಅನ್ನುವುದೇ ನನ್ನ ಹೊಟ್ಟೆಪಾಡು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ರಸ್ತೆ ಕೆಟ್ಟದಾಗಿದೆ ಅಂತ ಯಾರಾದರೂ ಹೆದರಿಸಿದ್ದರೆ ಅದನ್ನು ಬಿಟ್ಟುಬಿಡಿ. ನಮ್ಮ ಹಾಗೆ ಇಲ್ಲೂ ಎಡಗಡೆಯೇ ಗಾಡಿ ಓಡಿಸುವುದು. ನೈರೋಬಿಯಿಂದ ಥಿಕಾಗೆ 2012ರಲ್ಲೇ ಎಂಟು ಲೇನಿನ ರಸ್ತೆ ಆಯಿತು. 2022ರಲ್ಲಿ 27 ಕಿಲೋಮೀಟರಿನ ಎಕ್ಸ್‌ಪ್ರೆಸ್‌ವೇ ಬಂತು. ನೈರೋಬಿಯ ಅಂಚಿನ ಮ್ಲೊಲೊಂಗೊದಿಂದ ವಿಮಾನ ನಿಲ್ದಾಣದ ಪಕ್ಕದಲ್ಲಿ ಹಾದು ಊರೊಳಗಿನ ವೆಸ್ಟ್‌ಲ್ಯಾಂಡ್ಸ್ ಕಡೆಗೆ ಹೋಗುತ್ತದೆ, ಟೋಲ್ ಕೊಡಬೇಕು. ವಿಮಾನ ಹಿಡಿಯುವ ದಿನ ಆ ದುಡ್ಡು ದಂಡ ಅನ್ನಿಸುವುದಿಲ್ಲ.

ತೊಂದರೆ ಇರುವುದು ದೇಶದ ಮುಖ್ಯ ಹೈವೇಯಲ್ಲಿ. ಮೊಂಬಾಸಾ ಬಂದರಿನಿಂದ ನೈರೋಬಿ, ನಕುರು, ಎಲ್ಡೊರೆಟ್ ಮೇಲೆ ಉಗಾಂಡಾ ಗಡಿಯ ಮಲಾಬಾವರೆಗೆ ಹೋಗುವ ರಸ್ತೆ ಅದು. ಉಗಾಂಡಾ, ರುವಾಂಡಾ, ದಕ್ಷಿಣ ಸುಡಾನ್, ಕಾಂಗೋದ ಪೂರ್ವಭಾಗ, ಇವಕ್ಕೆಲ್ಲ ಕಂಟೇನರು, ಪೆಟ್ರೋಲು ಹೋಗುವುದು ಬಹುಪಾಲು ಇದೇ ದಾರಿಯಲ್ಲಿ. ಆದರೆ ದಾರಿಯ ಬಹುಭಾಗ ಹೋಗಲು ಒಂದು, ಬರಲು ಒಂದು ಲೇನು ಅಷ್ಟೆ. ಮಧ್ಯೆ ಡಿವೈಡರ್ ಇಲ್ಲ. ಲಾರಿಗಳ ಸಾಲಿನ ಹಿಂದೆ ಸಿಕ್ಕಿಕೊಂಡವರು ತಾಳ್ಮೆ ಕಳೆದುಕೊಂಡು ಓವರ್‌ಟೇಕ್‌ಗೆ ಹೊರಗೆ ಬರುತ್ತಾರೆ. ಎದುರಿನಿಂದ ಬಸ್ಸು ಬರುತ್ತಿರುತ್ತದೆ. ಇಲ್ಲಿನ ದೊಡ್ಡ ಅಪಘಾತಗಳಲ್ಲಿ ಎಷ್ಟೋ ಆಗುವುದು ಹೀಗೆ.

ನಕುರು ದಾಟಿದ ಮೇಲೆ ಸಲ್ಗಾ ಅಂತ ಒಂದು ಲಾರಿ ನಿಲ್ಲುವ ಊರಿದೆ. ಅದರ ಆಸುಪಾಸು ಉದ್ದದ ಇಳಿಜಾರು. ಡೀಸೆಲ್ ಉಳಿಸಲು ಕೆಲವು ಡ್ರೈವರುಗಳು ಅಲ್ಲಿ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ ಬಿಟ್ಟುಬಿಡುತ್ತಿದ್ದರು. ತುಂಬಿದ ಟ್ರೇಲರ್ ಆ ಇಳಿಜಾರಿನಲ್ಲಿ ವೇಗ ಹಿಡಿದರೆ, ಬರೀ ಬ್ರೇಕಿನಿಂದ ಅದನ್ನು ಹಿಡಿಯಲು ಹೋದರೆ, ಡ್ರಮ್ಮು ಕಾದು ಬ್ರೇಕೇ ಹಿಡಿಯುವುದಿಲ್ಲ. ಉಳಿಸಿದ್ದು ನಾಲ್ಕು ಲೀಟರ್ ಡೀಸೆಲ್ ಇರಬಹುದು. 2017ರ ಡಿಸೆಂಬರ್ 31ರ ಬೆಳಗಿನ ಜಾವ ರಸ್ತೆಯ ಇದೇ ಭಾಗದಲ್ಲಿ ಬಸ್ಸು, ಲಾರಿ ಎದುರುಬದುರು ಡಿಕ್ಕಿಯಾಗಿ ಮೂವತ್ತಕ್ಕೂ ಜಾಸ್ತಿ ಜನ ಸತ್ತರು. ಸರ್ಕಾರ ಕೂಡಲೇ ರಾತ್ರಿ ಬಸ್ಸುಗಳನ್ನೇ ನಿಲ್ಲಿಸಿತು. ಆ ನಿಷೇಧ ಹೆಚ್ಚು ದಿನ ಉಳಿಯಲಿಲ್ಲ. 2023ರ ಜೂನ್ 30ರಂದು ಅಲ್ಲಿಂದ ಮುಂದೆ ಲೊಂಡಿಯಾನಿ ಜಂಕ್ಷನ್‌ನಲ್ಲಿ ಹಿಡಿತ ತಪ್ಪಿದ ಲಾರಿಯೊಂದು ರಸ್ತೆ ಬದಿಯ ವ್ಯಾಪಾರಿಗಳ ಮೇಲೆ, ನಿಂತಿದ್ದ ಮಟಾಟುಗಳ ಮೇಲೆ ನುಗ್ಗಿತು. ಸತ್ತವರು 50ಕ್ಕೂ ಹೆಚ್ಚು. ಜಂಕ್ಷನ್ ಅಂದರೆ ಇಲ್ಲಿ ಸಂತೆ ಅಂತಲೇ ಅರ್ಥ. ಗಾಡಿ ಎಲ್ಲಿ ನಿಧಾನ ಮಾಡುತ್ತದೋ ಅಲ್ಲಿ ಸುಟ್ಟ ಜೋಳ, ಬಾಳೆಹಣ್ಣು ಮಾರುವವರು ಕೂರುತ್ತಾರೆ. ಸಂಜೆಯಾದರೆ ಅವರೂ ಕಾಣುವುದಿಲ್ಲ, ಪಟ್ಟಿ ಬಳಿಯದ ಹಂಪುಗಳೂ ಕಾಣುವುದಿಲ್ಲ.

ಲೆಕ್ಕಕ್ಕೆ ಬಂದರೆ, 2024ರಲ್ಲಿ ಕೀನ್ಯಾದ ರಸ್ತೆಗಳಲ್ಲಿ ಸತ್ತವರು 4,700ಕ್ಕೂ ಹೆಚ್ಚು. ಇದು ಸಾರಿಗೆ ಮತ್ತು ಸುರಕ್ಷತಾ ಪ್ರಾಧಿಕಾರದ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು ಇದಕ್ಕಿಂತ ತುಂಬಾ ಜಾಸ್ತಿ ಇರುತ್ತದೆ. ಇಲ್ಲಿನ ಜನಸಂಖ್ಯೆ ಐದು ಕೋಟಿಯ ಆಸುಪಾಸು. ನಮ್ಮ ಕರ್ನಾಟಕದಲ್ಲಿ 2023ರಲ್ಲಿ ಈ ಸಂಖ್ಯೆ 12 ಸಾವಿರ ದಾಟಿತ್ತು. ಹಾಗಾಗಿ ಊರಿನವರು "ಅಯ್ಯೋ ಆಫ್ರಿಕಾನಾ" ಅಂದಾಗ ನನಗೆ ನಗು ಬರುತ್ತದೆ. ಹಾಗಂತ ಸಮಾಧಾನ ಮಾಡಿಕೊಳ್ಳುವ ಹಾಗೂ ಇಲ್ಲ. ಇಲ್ಲಿ ವಾಹನಗಳೇ ನಮಗಿಂತ ಎಷ್ಟೋ ಕಡಿಮೆ.

ಸತ್ತವರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನ ನಡೆದು ಹೋಗುವವರು. ಬಸ್ಸಿನ ಬಗ್ಗೆ ಕೇಳಿದ ನೀವು ಇದನ್ನು ಕೇಳಲಿಲ್ಲ, ಆದರೆ ಮಕ್ಕಳಿರುವವರು ಇದನ್ನೇ ಮೊದಲು ಯೋಚಿಸಬೇಕು. ನೈರೋಬಿಯಲ್ಲಿ ಲಕ್ಷಗಟ್ಟಲೆ ಜನ ದಿನಾ ನಡೆದೇ ಕೆಲಸಕ್ಕೆ ಹೋಗುತ್ತಾರೆ. ರಸ್ತೆ ಅಗಲವಾದಷ್ಟೂ ಅವರಿಗೆ ದಾಟುವುದು ಕಷ್ಟ. ಥಿಕಾ ರಸ್ತೆಯಲ್ಲಿ ಮೇಲ್ಸೇತುವೆಗಳಿವೆ, ಆದರೆ ಸುತ್ತಿಕೊಂಡು ಹೋಗಲು ಬೇಸರಪಟ್ಟು ಜನ ಎಂಟು ಲೇನನ್ನು ಓಡಿ ದಾಟುತ್ತಾರೆ. ಅವರನ್ನು ಬೈಯುವುದು ಸುಲಭ. ಸೇತುವೆಯನ್ನು ಜನ ದಾಟುವ ಜಾಗದಲ್ಲಿ ಕಟ್ಟುವುದು ಇಂಜಿನಿಯರುಗಳಿಗೆ ಯಾಕಷ್ಟು ಕಷ್ಟವೋ! ಮನೆ ಹುಡುಕುವಾಗ ಶಾಲೆಗೆ ಹೋಗಲು ದೊಡ್ಡ ರಸ್ತೆ ದಾಟಬೇಕಾ ಅಂತ ಮೊದಲು ವಿಚಾರಿಸಿ. ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ.

ಈಗ ಮಟಾಟು. ಹೆಚ್ಚಿನವು 14 ಸೀಟಿನ ಟೊಯೋಟಾ ವ್ಯಾನುಗಳು. ಕೆಲವು ರೂಟಿನಲ್ಲಿ ದೊಡ್ಡ ಬಸ್ಸುಗಳೂ ಇವೆ. ಮೈತುಂಬಾ ಚಿತ್ರ, ಒಳಗೆ ಕಿವಿ ಹರಿಯುವ ಹಾಡು. ನೋಡಲು ಮಜಾ. ಅವು ಯಾಕೆ ಹಾಗೆ ಓಡುತ್ತವೆ ಅಂದರೆ, ಬಹುಪಾಲು ಕಡೆ ಡ್ರೈವರ್, ಕಂಡಕ್ಟರ್‌ಗೆ ತಿಂಗಳ ಸಂಬಳ ಇಲ್ಲ. ದಿನಕ್ಕೆ ಇಷ್ಟು ಅಂತ ಮಾಲೀಕನಿಗೆ ಕಟ್ಟಬೇಕು. ಡೀಸೆಲ್ ಖರ್ಚು, ದಾರಿಯಲ್ಲಿ ಪೊಲೀಸರ ಕೈ ಬೆಚ್ಚಗೆ ಮಾಡುವ ಖರ್ಚು ಕಳೆದು ಮಿಕ್ಕಿದ್ದು ಇವರಿಗೆ. ಒಂದು ಟ್ರಿಪ್ ಜಾಸ್ತಿ ಹೊಡೆದರೆ ಮಾತ್ರ ಮನೆಗೆ ದುಡ್ಡು. ಮಂಗಳೂರು, ಉಡುಪಿ ಕಡೆ ಸರ್ವಿಸ್ ಬಸ್ಸುಗಳ ಟೈಮಿಂಗ್ ಜಗಳ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ಡ್ರೈವರ್ ಕೆಟ್ಟವನು ಅಂತ ನಾನು ಒಪ್ಪುವುದಿಲ್ಲ. ಕೂಲಿ ಕೊಡುವ ಲೆಕ್ಕವೇ ಅವನನ್ನು ಓಡಿಸುತ್ತದೆ.

ಇದನ್ನು ಸರಿಮಾಡಲು ಜಾನ್ ಮಿಚುಕಿ ಅನ್ನುವ ಸಾರಿಗೆ ಮಂತ್ರಿ 2004ರ ಫೆಬ್ರವರಿಯಿಂದ ಕಟ್ಟುನಿಟ್ಟಿನ ನಿಯಮ ತಂದರು. ಗಂಟೆಗೆ 80 ಕಿಲೋಮೀಟರ್ ದಾಟದಂತೆ ಸ್ಪೀಡ್ ಗವರ್ನರ್, ಎಲ್ಲ ಸೀಟಿಗೂ ಬೆಲ್ಟು, ಗಾಡಿಗೆ ಹಳದಿ ಪಟ್ಟಿ, ಸಿಬ್ಬಂದಿಗೆ ಯೂನಿಫಾರ್ಮು. ಮಾಲೀಕರು ಗಾಡಿ ನಿಲ್ಲಿಸಿದರು, ಜನ ಮೈಲಿಗಟ್ಟಲೆ ನಡೆದರು, ಮಂತ್ರಿ ಜಗ್ಗಲಿಲ್ಲ. ಇಲ್ಲಿನ ಹಿರಿಯರು ಆ ಕಾಲವನ್ನು ಇವತ್ತಿಗೂ ನೆನೆಯುತ್ತಾರೆ. ಆಮೇಲೆ ಎಲ್ಲ ಸಡಿಲವಾಯಿತು. ಗವರ್ನರ್ ಇದ್ದರೂ ಅದರ ವೈರು ಕಿತ್ತಿರುವ ಗಾಡಿಗಳು ಬೇಕಾದಷ್ಟಿವೆ. ಈಗ ಪ್ರತಿ ಮಟಾಟುವೂ ಯಾವುದಾದರೂ ಸಹಕಾರ ಸಂಘಕ್ಕೆ ಸೇರಿರಬೇಕು ಅನ್ನುವ ನಿಯಮವಿದೆ. ಸಂಘದ ಹೆಸರು ಗಾಡಿಯ ಮೇಲಿರುತ್ತದೆ. ಯಾವ ಸಂಘದವರು ನಿಧಾನ, ಯಾರು ಹುಚ್ಚರು ಅಂತ ನಿಮ್ಮ ರೂಟಿನಲ್ಲಿ ದಿನಾ ಓಡಾಡುವವರಿಗೆ ಗೊತ್ತಿರುತ್ತದೆ. ಆಫೀಸಿನ ವಾಚ್‌ಮನ್ನನ್ನು ಕೇಳಿ, ಸರಿಯಾಗಿ ಹೇಳುತ್ತಾನೆ.

ನನಗೆ ತುಂಬಾ ಹಿಡಿಸಿದ್ದು ಇನ್ನೊಂದು ಪ್ರಯತ್ನ. ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಇಬ್ಬರು ಅರ್ಥಶಾಸ್ತ್ರಜ್ಞರು ದೂರದೂರಿಗೆ ಹೋಗುವ ಮಟಾಟುಗಳ ಒಳಗೆ ಸುಮ್ನೆ ಸ್ಟಿಕ್ಕರ್ ಅಂಟಿಸಿದರು. ಡ್ರೈವರ್ ಅಡ್ಡಾದಿಡ್ಡಿ ಓಡಿಸಿದರೆ ಬಾಯಿ ಬಿಡಿ, ಕೂಗಿ ಹೇಳಿ ಅಂತ ಪ್ರಯಾಣಿಕರಿಗೆ ಬರೆದದ್ದು. ಅಂಥ ಗಾಡಿಗಳ ಇನ್ಶೂರೆನ್ಸ್ ಕ್ಲೇಮು ಅರ್ಧಕ್ಕಿಂತ ಹೆಚ್ಚು ಇಳಿಯಿತು. ಮುಂದೆ ದೊಡ್ಡ ಮಟ್ಟದಲ್ಲಿ ಮಾಡಿದಾಗ ಅಷ್ಟು ಇಳಿಯಲಿಲ್ಲ, ಆದರೂ ನಾಲ್ಕನೇ ಒಂದು ಭಾಗ ಇಳಿಯಿತು. ನೀವೂ ಸಂಕೋಚ ಬಿಟ್ಟು "ಪೋಲೆ ಪೋಲೆ, ದೆರೆವಾ" ಅನ್ನಿ. ನಿಧಾನ, ಡ್ರೈವರ್ ಅಂತ. ವಿದೇಶಿಯ ಬಾಯಲ್ಲಿ ಅದನ್ನು ಕೇಳಿ ಗಾಡಿಯಲ್ಲಿದ್ದವರೆಲ್ಲ ನಗುತ್ತಾರೆ, ಆಮೇಲೆ ಅವರೂ ದನಿ ಸೇರಿಸುತ್ತಾರೆ.

ಬೋಡಾಬೋಡಾ, ಅಂದರೆ ಬಾಡಿಗೆ ಬೈಕು, ಮಕ್ಕಳನ್ನು ಕೂರಿಸಿಕೊಂಡು ಬೇಡವೇ ಬೇಡ. ಹೆಚ್ಚಿನವು ನಮ್ಮ ಬಜಾಜ್, ಟಿವಿಎಸ್ ಬೈಕುಗಳೇ. ಬೈಕು ಗಟ್ಟಿ, ಹೆಲ್ಮೆಟ್ಟೇ ಇರುವುದಿಲ್ಲ. ಊರೊಳಗೆ ಊಬರ್, ಬೋಲ್ಟ್ ಸುಲಭವಾಗಿ ಸಿಗುತ್ತವೆ.

ಇನ್ನು ಕಾರು. ಊರಿನ ಆರ್‌ಟಿಓದಲ್ಲೇ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಂಡು ಬನ್ನಿ. ರಸ್ತೆಯಲ್ಲಿ ಮರದ ಹಸಿ ಕೊಂಬೆಗಳನ್ನು ಸಾಲಾಗಿ ಹಾಕಿದ್ದು ಕಂಡರೆ ಮುಂದೆ ಲಾರಿ ಕೆಟ್ಟು ನಿಂತಿದೆ ಅಂತ ತಿಳಿದು ವೇಗ ಇಳಿಸಿ. ಮುಂದಿನ ಲಾರಿಯವನು ಇಂಡಿಕೇಟರ್ ಹಾಕಿ ಓವರ್‌ಟೇಕ್‌ಗೆ ದಾರಿ ಬಿಟ್ಟ ಹಾಗೆ ಕಂಡರೂ ನಿಮ್ಮ ಕಣ್ಣಿಗೆ ಎದುರಿನ ರಸ್ತೆ ಖಾಲಿ ಕಾಣುವವರೆಗೆ ಹೋಗಬೇಡಿ. ಮತ್ತೆ, ಟ್ಯಾಂಕರ್ ಉರುಳಿದ್ದರೆ ನೋಡಲು ಕೂಡ ನಿಲ್ಲಬೇಡಿ. 2009ರ ಜನವರಿಯಲ್ಲಿ ಮೊಲೊ ಹತ್ತಿರ ಸಚಂಗ್ವಾನ್‌ನಲ್ಲಿ ಉರುಳಿದ ಟ್ಯಾಂಕರಿನಿಂದ ಪೆಟ್ರೋಲ್ ತುಂಬಿಕೊಳ್ಳಲು ಜನ ಸೇರಿದರು. ಬೆಂಕಿ ಹತ್ತಿ ನೂರಕ್ಕೂ ಹೆಚ್ಚು ಜನ ಸತ್ತರು.

ಮೊಂಬಾಸಾಗೆ 2017ರಿಂದ ಹೊಸ ರೈಲು ಓಡುತ್ತಿದೆ. ಎಕ್ಸ್‌ಪ್ರೆಸ್ ಆದರೆ ಸುಮಾರು ಐದು ಗಂಟೆ. ಕಿಟಕಿಯಿಂದಲೇ ತ್ಸಾವೋ ಕಾಡಿನ ಆನೆಗಳು ಕಾಣುತ್ತವೆ, ಮಕ್ಕಳಿಗೆ ಅಷ್ಟು ಸಾಕು. ಕಾರಿನಲ್ಲೇ ಹೋಗುವ ಹಟವಿದ್ದರೆ ಬೆಳಿಗ್ಗೆ ಆರಕ್ಕೆ ಹೊರಡಿ. ಸುಮಾರು 480 ಕಿಲೋಮೀಟರ್ ದಾರಿ, ಕತ್ತಲಾಗುವ ಮೊದಲು ಸೇರಬಹುದು. ದಾರಿಯಲ್ಲಿ ಮಕಿಂಡುವಿನಲ್ಲಿ ರೈಲ್ವೆ ಕೆಲಸಕ್ಕೆ ಬಂದಿದ್ದ ಸಿಖ್ಖರು ಕಟ್ಟಿದ ಗುರುದ್ವಾರವಿದೆ. ಯಾರು ಹೋದರೂ ಬಿಸಿ ರೊಟ್ಟಿ, ದಾಲ್, ಚಹಾ ಸಿಗುತ್ತದೆ, ದುಡ್ಡು ಕೇಳುವುದಿಲ್ಲ. ತಲೆಗೆ ಬಟ್ಟೆ ಕಟ್ಟಿಕೊಳ್ಳಬೇಕು, ತಿಂದ ತಟ್ಟೆ ನೀವೇ ಎತ್ತಿಡಬೇಕು, ಹುಂಡಿಗೆ ಏನಾದರೂ ಹಾಕಿ ಹೊರಡಿ.