ಓದುಗರ ಪ್ರಶ್ನೆ: ಆಟ ಇರುವುದೇ ತಿರುವಿನಲ್ಲಿ

ಪ್ರಶ್ನೆ: ನನಗೆ ಐವತ್ತು ದಾಟಿದೆ. ಈಗಲೂ ಔಟ್ ರನ್, ರಿಡ್ಜ್ ರೇಸರ್‌ನಂತಹ ಆರ್ಕೇಡ್ ಶೈಲಿಯ ರೇಸಿಂಗ್ ಆಟಗಳೇ ನನಗೆ ಇಷ್ಟ. ಮಗ ಆಡುವುದು ಟೈರಿನ ಒತ್ತಡವನ್ನೂ ಲೆಕ್ಕ ಹಾಕುವ ಸಿಮ್ಯುಲೇಶನ್ ಆಟಗಳನ್ನು. "ಅಪ್ಪಾ, ನಿಜವಾದ ಕಾರು ಹಾಗೆ ಓಡುವುದೇ ಇಲ್ಲ, ನಿಮ್ಮದು ಮಕ್ಕಳಾಟ" ಎನ್ನುತ್ತಾನೆ. ಅವನ ಮಾತು ಸರಿಯೇ?

ಉತ್ತರ: ನಿಜವಾದ ಕಾರು ಹಾಗೆ ಓಡುವುದಿಲ್ಲ ಎಂಬಷ್ಟರ ಮಟ್ಟಿಗೆ ಸರಿ. ಮಕ್ಕಳಾಟ ಎಂಬುದನ್ನು ನಾನು ಸುತರಾಂ ಒಪ್ಪುವುದಿಲ್ಲ.

ಈ ಆಟಗಳು ಹುಟ್ಟಿದ್ದು ನಾಣ್ಯ ಹಾಕಿ ಆಡುವ ಯಂತ್ರಗಳಲ್ಲಿ. ಅಟಾರಿ ಕಂಪನಿಯ ಗ್ರ್ಯಾನ್ ಟ್ರ್ಯಾಕ್ 10 ಬಂದದ್ದು 1974ರಲ್ಲಿ. ಸ್ಟೀರಿಂಗ್, ಗೇರ್, ಪೆಡಲ್ ಎಲ್ಲವೂ ಆಗಲೇ ಇದ್ದವು. ನಾಣ್ಯ ಹಾಕುವವನು ಕೈಪಿಡಿ ಓದಿಕೊಂಡು ಬಂದಿರುವುದಿಲ್ಲ. ಮುಟ್ಟಿದ ಕೂಡಲೇ ಅವನಿಗೆ ಆಡಲು ಬರಬೇಕು. ಕೆಲವೇ ನಿಮಿಷಗಳಲ್ಲಿ ಆಟ ಮುಗಿಯಬೇಕು, ಆದರೂ ಮೋಸ ಹೋದೆ ಎಂದು ಅನ್ನಿಸಬಾರದು. ಇದು ಬಹಳ ಕಠಿಣವಾದ ಷರತ್ತು. ಹಾಗಾಗಿ ಆಟ ರೂಪಿಸಿದವರು ಕಾರು ಓಡಿಸುವ ಅನುಭವದಿಂದ ಒಂದೊಂದನ್ನೇ ಕಳಚುತ್ತಾ ಹೋದರು: ಇಂಧನ, ಟೈರಿನ ಸವೆತ, ಎಂಜಿನ್ನಿನ ಶಾಖ. ಎಲ್ಲ ಕಳಚಿದ ಮೇಲೆ ಉಳಿದದ್ದು ತಿರುವು. ಅದೊಂದನ್ನು ಎಷ್ಟು ಚೆನ್ನಾಗಿ ಕಟ್ಟಬಹುದೋ ಅಷ್ಟು ಚೆನ್ನಾಗಿ ಕಟ್ಟಿದರು.

ನಿಮ್ಮ ಮೆಚ್ಚಿನ ರಿಡ್ಜ್ ರೇಸರ್ ಅನ್ನೇ ತೆಗೆದುಕೊಳ್ಳಿ. ನಾಮ್ಕೋ ಕಂಪನಿ ಇದನ್ನು ಹೊರತಂದದ್ದು 1993ರಲ್ಲಿ. ತಿರುವು ಎದುರಾದಾಗ ಆಕ್ಸಿಲರೇಟರಿನಿಂದ ಕಾಲನ್ನು ಒಂದು ಕ್ಷಣ ಎತ್ತುತ್ತೀರಿ, ಸ್ಟೀರಿಂಗನ್ನು ಒಳಕ್ಕೆ ತಿರುಗಿಸುತ್ತೀರಿ, ಮತ್ತೆ ಪೂರ್ತಿ ಒತ್ತುತ್ತೀರಿ. ಹಿಂದಿನ ಚಕ್ರಗಳು ಹಿಡಿತ ಬಿಡುತ್ತವೆ. ಟೈರು ಕಿರುಚುತ್ತದೆ. ಕಾರಿನ ಮೂತಿ ಒಂದು ಕಡೆಗಿದ್ದರೆ ಕಾರು ಜಾರುತ್ತಿರುವುದು ಇನ್ನೊಂದು ಕಡೆಗೆ, ಹೊರಗಿನ ಗೋಡೆ ಹತ್ತಿರವಾಗುತ್ತಲೇ ಇರುತ್ತದೆ. ಈಗ ಸ್ಟೀರಿಂಗನ್ನು ಎದುರು ದಿಕ್ಕಿಗೆ ತುಸು ತಿರುಗಿಸಿ ಕಾರನ್ನು ನೆಟ್ಟಗೆ ಮಾಡಬೇಕು. ಅವಸರಪಟ್ಟರೆ ಗೋಡೆಗೆ ತಾಗುತ್ತೀರಿ, ತಡಮಾಡಿದರೆ ಕಾರು ಓಲಾಡಿ ವೇಗ ಕಳೆದುಕೊಳ್ಳುತ್ತದೆ. ಆ ಕ್ಷಣ ಕೈಗೆ ಸಿಕ್ಕಿತೋ, ಕಾರು ತಿರುವಿನಿಂದ ಚಿಮ್ಮಿದಂತೆ ಹೊರಬರುತ್ತದೆ. ಇದನ್ನು ಕಲಿಯುವುದು ಸುಲಭವಲ್ಲ. ನಿಮ್ಮ ಮಗನಿಗೆ ಒಂದು ಸಂಜೆ ಆಡಲು ಕೊಟ್ಟು ನೋಡಿ. ಮೊದಲ ತಿರುವಿನಲ್ಲೇ ಅವನು ಬ್ರೇಕ್ ಹುಡುಕುತ್ತಾನೆ.

ಔಟ್ ರನ್‌ನ ಸೊಗಸೇ ಬೇರೆ. ಸೆಗಾ ಕಂಪನಿಯ ಯು ಸುಜುಕಿ 1986ರಲ್ಲಿ ರೂಪಿಸಿದ ಈ ಆಟವನ್ನು ಅವರು ರೇಸಿಂಗ್ ಎನ್ನುವುದಕ್ಕಿಂತ ಡ್ರೈವಿಂಗ್ ಆಟ ಎಂದೇ ಬಗೆದವರು. ಇದರಲ್ಲಿ ಎದುರಾಳಿಯೇ ಇಲ್ಲ. ರಸ್ತೆಯಲ್ಲಿರುವುದು ತಮ್ಮ ಪಾಡಿಗೆ ತಾವು ಹೋಗುತ್ತಿರುವ ವಾಹನಗಳು, ಓಟ ಗಡಿಯಾರದೊಂದಿಗೆ. ಹೊರಡುವ ಮೊದಲು ಮೂರು ಹಾಡುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ನನ್ನ ಆಯ್ಕೆ ಸದಾ 'ಪ್ಯಾಸಿಂಗ್ ಬ್ರೀಜ್'. ಪ್ರತಿ ಹಂತದ ಕೊನೆಗೆ ರಸ್ತೆ ಎರಡಾಗಿ ಒಡೆಯುತ್ತದೆ, ಎಡವೋ ಬಲವೋ ನಿಮ್ಮಿಷ್ಟ. ಹೀಗೆ ಒಟ್ಟು 15 ಹಂತಗಳಿದ್ದರೂ ಒಂದು ಸಲಕ್ಕೆ ದಾಟುವುದು ಐದನ್ನೇ, ತಲುಪಬಹುದಾದ ಕೊನೆಗಳೂ ಐದು. ಕಾರು ಮಗುಚಿದರೆ ಒಳಗಿದ್ದ ಇಬ್ಬರೂ ರಸ್ತೆಗೆ ಬಿದ್ದು, ಮತ್ತೆ ಕಾರಿನಲ್ಲಿ ಕುಳಿತು ಹೊರಟುಬಿಡುತ್ತಾರೆ. ತೆರುವ ದಂಡ ಕೆಲವು ಸೆಕೆಂಡು ಮಾತ್ರ. ಈ ಔದಾರ್ಯ ನನಗೆ ಬಹಳ ಇಷ್ಟ. ಹೆದರಿಕೆಯಿಲ್ಲದೆ ವೇಗವಾಗಿ ಹೋಗುವ ಅವಕಾಶ ಬದುಕಿನಲ್ಲಿ ಇನ್ನೆಲ್ಲಿ ಸಿಗುತ್ತದೆ?

ಸಿಮ್ಯುಲೇಶನ್ ಆಟಗಳ ಮೇಲೆ ನನಗೆ ಗೌರವವಿದೆ. 1997ರ ಗ್ರ್ಯಾನ್ ಟೂರಿಸ್ಮೊ ಆಡಲು ಕುಳಿತು ಬೆಳಗು ಮಾಡಿದ ರಾತ್ರಿಗಳು ನನಗೂ ಇವೆ. ಅಲ್ಲಿ ಸುತ್ತಿನಿಂದ ಸುತ್ತಿಗೆ ಸೆಕೆಂಡಿನ ಭಾಗಗಳನ್ನು ಉಳಿಸುತ್ತಾ ಹೋಗಬೇಕು, ಸುಖ ನಿಧಾನವಾಗಿ ಕೂಡಿಬರುತ್ತದೆ. ಆರ್ಕೇಡ್ ಆಟದಲ್ಲಿ ಈ ತಿರುವಿನ ಫಲ ಈ ತಿರುವಿನಲ್ಲೇ. ಎರಡೂ ಬೇರೆ ಬೇರೆ ಹಸಿವುಗಳು. ಮಗನಿಗೆ ಹಾಗೆಂದೇ ಹೇಳಿ.

ಪ್ರಶ್ನೆ: ಎಷ್ಟೇ ಮುಂದೆ ಹೋದರೂ ಕಂಪ್ಯೂಟರ್ ಓಡಿಸುವ ಕಾರುಗಳು ಹಿಂದೆಯೇ ಬಂದು ಹಿಡಿಯುತ್ತವೆ. ಇದು ಅನ್ಯಾಯವಲ್ಲವೇ?

ಉತ್ತರ: ಇದಕ್ಕೆ ರಬ್ಬರ್ ಬ್ಯಾಂಡಿಂಗ್ ಎನ್ನುತ್ತಾರೆ. ನೀವು ತುಂಬಾ ಮುಂದಿದ್ದರೆ ಹಿಂದಿನವರ ವೇಗ ಹೆಚ್ಚುತ್ತದೆ, ನೀವು ಹಿಂದುಳಿದರೆ ಮುಂದಿನವರು ನಿಧಾನಿಸುತ್ತಾರೆ. ಒಬ್ಬಂಟಿಯಾಗಿ ಖಾಲಿ ರಸ್ತೆಯಲ್ಲಿ ಓಡಿಸಬೇಕಾಗಿ ಬಂದರೆ ಆಟ ಸಪ್ಪೆಯಾಗುತ್ತದೆ ಎಂಬುದು ಇದರ ಹಿಂದಿನ ಲೆಕ್ಕ. ಮಿತಿಯಲ್ಲಿದ್ದರೆ ನನ್ನ ತಕರಾರಿಲ್ಲ. ಆದರೆ ಮೂರು ಸುತ್ತು ತಪ್ಪಿಲ್ಲದೆ ಓಡಿಸಿದವನನ್ನು ಗೆರೆಯ ಬಳಿ ಹಿಂದಿಕ್ಕುವ ಆಟ ಅವನ ಶ್ರಮಕ್ಕೆ ಅವಮಾನ ಮಾಡುತ್ತದೆ, ಅಂಥದ್ದನ್ನು ನಾನು ಮತ್ತೆ ತೆರೆಯುವುದಿಲ್ಲ. ಮಾರಿಯೊ ಕಾರ್ಟ್ ಎಂಬ ರೇಸಿಂಗ್ ಆಟದಲ್ಲಿ ಹಿಂದಿರುವವರಿಗೆ ಪ್ರಬಲ ಅಸ್ತ್ರಗಳು ಸಿಗುತ್ತವೆ. ಮುಂದಿರುವವನನ್ನೇ ಹುಡುಕಿಕೊಂಡು ಹೋಗುವ ನೀಲಿ ಚಿಪ್ಪು 1996ರ ಮಾರಿಯೊ ಕಾರ್ಟ್ 64ರಿಂದ ಇದೆ. ಅದು ಎಲ್ಲರಿಗೂ ಗೊತ್ತಿರುವ, ಕಣ್ಣಿಗೆ ಕಾಣುವ ನಿಯಮ. ಹಾಗಾಗಿ ಅದರಿಂದ ಸೋತಾಗ ಕೋಪ ಬಂದರೂ ಮೋಸ ಎನ್ನಿಸುವುದಿಲ್ಲ.

ಪ್ರಶ್ನೆ: ಮೊಬೈಲಿನಲ್ಲಿ ಆಸ್ಫಾಲ್ಟ್ ಆಡುತ್ತೇನೆ. ಕಾರು ತಾನೇ ತಿರುಗುತ್ತದೆ, ನಾನು ಆಗಾಗ ಪರದೆ ಮುಟ್ಟಿದರೆ ಸಾಕು. ನೋಡಲು ಅದ್ಭುತ, ಆದರೂ ಬೇಗ ಬೇಸರವಾಗುತ್ತದೆ. ಏಕೆ?

ಉತ್ತರ: ನಿಮ್ಮ ಪಾಲಿನ ತಿರುವನ್ನು ಫೋನೇ ತೆಗೆದುಕೊಂಡಿದೆ, ಅದಕ್ಕೆ. ಈ ವ್ಯವಸ್ಥೆಯ ಹೆಸರು ಟಚ್‌ಡ್ರೈವ್. ಸ್ಟೀರಿಂಗ್ ಮತ್ತು ವೇಗ ಎರಡನ್ನೂ ಅದೇ ನೋಡಿಕೊಳ್ಳುತ್ತದೆ. ದಾರಿ ಆರಿಸುವುದು, ಡ್ರಿಫ್ಟ್ (ಕಾರನ್ನು ಜಾರಿಸುವುದು), ನೈಟ್ರೊ (ಸ್ವಲ್ಪ ಹೊತ್ತು ವೇಗ ಏರಿಸುವುದು) ಮಾತ್ರ ನಿಮಗೆ ಉಳಿಯುತ್ತವೆ. ಬೆರಳು ಚುರುಕಾಗಿ ಓಡದವರಿಗೆ ಇದು ದೊಡ್ಡ ಉಪಕಾರ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ನಿಮಗೆ ಅಂಥ ತೊಂದರೆ ಇಲ್ಲದಿದ್ದರೆ ಸೆಟ್ಟಿಂಗ್ಸ್‌ಗೆ ಹೋಗಿ ಟಚ್‌ಡ್ರೈವ್ ತೆಗೆದುಹಾಕಿ, ಫೋನನ್ನು ಓರೆ ಮಾಡಿ ಓಡಿಸುವ ವಿಧಾನವನ್ನೋ ಪರದೆಯ ಅಂಚು ಒತ್ತಿ ಓಡಿಸುವುದನ್ನೋ ಆರಿಸಿಕೊಳ್ಳಿ. ಮೊದಲ ಕೆಲವು ರೇಸುಗಳಲ್ಲಿ ಕೊನೆಯವರಾಗಿ ಬರುತ್ತೀರಿ. ಸ್ಥಾನದ ಕಡೆ ನೋಡಲೇಬೇಡಿ. ಒಂದೇ ಟ್ರ್ಯಾಕ್ ಹಿಡಿದು, ಅದರಲ್ಲಿ ನಿಮಗೆ ಕಷ್ಟವೆನಿಸುವ ಒಂದೇ ತಿರುವನ್ನು ಗೋಡೆಗೆ ತಾಗದೆ ದಾಟುವವರೆಗೆ ಆಡಿ. ಆಮೇಲೆ ಬೇಕಿದ್ದರೆ ಬೇಸರವಾಯಿತೆಂದು ಬರೆಯಿರಿ.