ಓದುಗರ ಪ್ರಶ್ನೆ: ಎರಡು ಪ್ಯಾರಾಕ್ಕೆ ನಿಲ್ಲುವ ಬರಹ, ಉತ್ತರ ಬಾರದ ಅರ್ಜಿ

ಪ್ರಶ್ನೆ: ದಿನವೂ ಡೊಂಬಿವಲಿಯಿಂದ ಮುಂಬಯಿಯ ಸಿಎಸ್‌ಎಂಟಿ ನಿಲ್ದಾಣಕ್ಕೆ ಲೋಕಲ್ ರೈಲಿನಲ್ಲಿ ಹೋಗಿಬರುತ್ತೇನೆ. ದಾರಿಯಲ್ಲಿ ಕಂಡದ್ದನ್ನು ಬರೆಯುವ ಆಸೆ. ಆದರೆ ಎರಡು ಪ್ಯಾರಾ ಆಗುವಷ್ಟರಲ್ಲಿ ಕೈ ನಿಂತುಹೋಗುತ್ತದೆ. ಬರೆದದ್ದೂ ಎಲ್ಲೋ ಓದಿದ ಹಾಗೆಯೇ ಇರುತ್ತದೆ. ಒಂದು ಬರಹ ಜೊತೆಗೆ ಕಳಿಸಿದ್ದೇನೆ. — ಓದುಗರೊಬ್ಬರು, ಡೊಂಬಿವಲಿ

ಉತ್ತರ: ನಿಮ್ಮ ಬರಹದ ಮೊದಲ ಸಾಲು ‘ಮುಂಬಯಿ ಎಂದರೆ ನಿಲ್ಲದೆ ಓಡುವ ನಗರ’. ಕೈ ನಿಲ್ಲುವುದಕ್ಕೆ ಕಾರಣ ಆ ಸಾಲಿನಲ್ಲೇ ಇದೆ. ಅದು ತೀರ್ಮಾನ. ತೀರ್ಮಾನವನ್ನು ಮೊದಲೇ ಹೇಳಿಬಿಟ್ಟರೆ ಮುಂದೆ ಬರೆಯಲು ಅದರ ಸಮರ್ಥನೆ ಮಾತ್ರ ಉಳಿಯುತ್ತದೆ, ಅದು ಎರಡು ಪ್ಯಾರಾದಲ್ಲಿ ಮುಗಿಯುತ್ತದೆ.

ಆದರೆ ಎರಡನೆಯ ಪ್ಯಾರಾದ ಕೊನೆಯಲ್ಲಿ ‘ಕುಠೆ ಉತರಣಾರ್ ಎಂದು ಒಬ್ಬಳು ಕೇಳಿದಳು’ ಎಂದು ಬರೆದು ಬಿಟ್ಟುಬಿಟ್ಟಿದ್ದೀರಿ. ನಿಮ್ಮ ಬರಹ ಶುರುವಾಗಬೇಕಾದದ್ದು ಅಲ್ಲಿ. ಹೆಂಗಸರ ಡಬ್ಬಿಗೆ ಹತ್ತಿದವಳು ಕೂತವರನ್ನು ಒಬ್ಬೊಬ್ಬರಾಗಿ ಎಲ್ಲಿ ಇಳಿಯುತ್ತೀರಿ ಎಂದು ಕೇಳುತ್ತಾ ಹೋಗುತ್ತಾಳೆ. ‘ಘಾಟ್‌ಕೋಪರ್’ ಎಂದವಳ ಸೀಟು ಅಲ್ಲಿಂದ ಮುಂದೆ ಇವಳದು. ಆಮೇಲೆ ಬಂದವಳು ಇವಳನ್ನು ಕೇಳಬೇಕು. ಮೂವರ ಬೆಂಚಿನಲ್ಲಿ ಮೂವರೂ ಸ್ವಲ್ಪ ಸ್ವಲ್ಪ ಸರಿದು ನಾಲ್ಕನೆಯವಳಿಗೆ ಜಾಗ ಮಾಡಿಕೊಡುತ್ತಾರೆ. ಅವಳು ಅರ್ಧ ಕೂತು, ಒಂದು ಕಾಲನ್ನು ಓಣಿಯಲ್ಲಿ ಊರಿ, ಮೈಭಾರವನ್ನೆಲ್ಲ ಆ ಕಾಲಿನ ಮೇಲೆ ಹಿಡಿದಿರುತ್ತಾಳೆ. ಬರೆದಿಟ್ಟ ಒಂದು ನಿಯಮವೂ ಇಲ್ಲದೆ ನಡೆಯುವ ಈ ಹಂಚಿಕೆಯಲ್ಲಿ ಯಾರು ಜಗಳ ತೆಗೆಯುತ್ತಾರೆ, ಯಾರು ಸುಳ್ಳು ಸ್ಟೇಷನ್ ಹೇಳುತ್ತಾರೆ, ಸಿಕ್ಕಿಬಿದ್ದಾಗ ಏನಾಗುತ್ತದೆ ಎಂಬುದನ್ನಷ್ಟೇ ಬರೆದರೂ ಐನೂರು ಪದಕ್ಕೆ ಕೊರತೆಯಾಗದು.

ನಿಂತ ಜಾಗದಲ್ಲಿ ಬರೆಯಲು ಹೋಗಬೇಡಿ, ಆಗುವುದೂ ಇಲ್ಲ. ಮೂರನ್ನು ಮಾತ್ರ ಗುರುತು ಹಾಕಿಕೊಳ್ಳಿ: ಕಿವಿಗೆ ಬಿದ್ದ ಒಂದು ಮಾತು ಇದ್ದ ಹಾಗೆಯೇ, ಒಂದು ಅಂಕಿ (ಬೆಲೆ, ಹೊತ್ತು, ಏನಾದರೂ ಸರಿ), ಒಬ್ಬರ ಕೈ ಮಾಡುತ್ತಿದ್ದ ಕೆಲಸ. ಅದೇ ರಾತ್ರಿ ಹದಿನೈದು ನಿಮಿಷ ಕೂತು 150 ಪದ ಬರೆಯಿರಿ. ‘ಬದುಕು’, ‘ಜೀವನ’, ‘ಯಾಂತ್ರಿಕ’ ಎಂಬ ಪದಗಳನ್ನು ಒಂದು ತಿಂಗಳು ಮುಟ್ಟಬೇಡಿ. ಮರುದಿನ ತಿದ್ದಲು ಕೂತರೆ ತಪ್ಪು ಕಣ್ಣಿಗೆ ಬೀಳುವುದಿಲ್ಲ. ನಾಲ್ಕು ದಿನ ಬಿಟ್ಟು ಗಟ್ಟಿಯಾಗಿ ಓದಿ, ಮೊದಲ ಪ್ಯಾರಾ ಹೊಡೆದುಹಾಕಿ ನೋಡಿ. ಹೆಚ್ಚಿನ ಸಲ ಅದರಿಂದ ಬರಹಕ್ಕೆ ನಷ್ಟವಾಗುವುದಿಲ್ಲ. ಒಂದೇ ವಿಷಯದ ಮೂರು ನಾಲ್ಕು ಟಿಪ್ಪಣಿ ಕೂಡಿದಾಗ ಪತ್ರಿಕೆಗೆ ಕಳಿಸುವಷ್ಟು ಬರಹವಾಗುತ್ತದೆ.

ಪ್ರಶ್ನೆ: ನಮ್ಮ ಗಲ್ಲಿಯ ಡಾಂಬರು ರಸ್ತೆ ಒಂದೇ ಮಳೆಗಾಲಕ್ಕೆ ಕಿತ್ತುಹೋಯಿತು. ‘ರಸ್ತೆ ಯಾಕೆ ಹಾಳಾಯಿತು? ಯಾರು ಯಾರು ತಿಂದರು? ಹೊಣೆ ಯಾರು?’ ಎಂದು ಮಾಹಿತಿ ಹಕ್ಕಿನಲ್ಲಿ ಎರಡು ಪುಟ ಬರೆದೆ. ‘ಇದು ಮಾಹಿತಿಯ ವ್ಯಾಖ್ಯೆಯಲ್ಲಿ ಬರುವುದಿಲ್ಲ’ ಎಂದು ಒಂದು ಸಾಲಿನ ಉತ್ತರ ಬಂತು. ನನ್ನ ಮರಾಠಿಯೂ ಅಷ್ಟಕ್ಕಷ್ಟೆ. — ಓದುಗರೊಬ್ಬರು, ಪಿಂಪ್ರಿ

ಉತ್ತರ: ನಿಮ್ಮ ಸಿಟ್ಟು ಸರಿ, ಅರ್ಜಿ ತಪ್ಪು. 2005ರ ಕಾಯಿದೆಯ ಪ್ರಕಾರ ಕಚೇರಿ ಕೊಡಬೇಕಾದದ್ದು ತನ್ನ ಬಳಿ ಇರುವ ದಾಖಲೆ. ‘ಯಾಕೆ’ ಎಂಬುದಕ್ಕೆ ಉತ್ತರ ಯಾವ ಕಡತದಲ್ಲೂ ಬರೆದಿರುವುದಿಲ್ಲ. 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಬಹುದು, ಆದರೆ ಪ್ರಶ್ನೆಯೇ ಸೋತಿರುವಾಗ ಹೊಸ ಅರ್ಜಿ ಬರೆಯುವುದೇ ಲೇಸು.

ಮಹಾರಾಷ್ಟ್ರದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಕೋರಿಕೆ 150 ಪದದೊಳಗೆ. 10 ರೂಪಾಯಿಯ ಕೋರ್ಟ್ ಫೀ ಸ್ಟಾಂಪು ಅಂಟಿಸಬೇಕು. ಭಾಷೆಗೆ ಹೆದರಬೇಡಿ. ಇಂಗ್ಲಿಷ್ ಅಥವಾ ಹಿಂದಿಯಲ್ಲೂ ಬರೆಯಬಹುದು ಎಂದು 6ನೇ ಸೆಕ್ಷನ್ನೇ ಹೇಳುತ್ತದೆ. ಮಾಹಿತಿ ಏಕೆ ಬೇಕು ಎಂದು ಕೇಳುವ ಹಕ್ಕು ಅವರಿಗಿಲ್ಲ, ನೀವೂ ವಿವರಿಸಲು ಹೋಗಬೇಡಿ. ಬಂದ ಕಾಗದ ತೆಗೆದುಕೊಳ್ಳುವ ಆವಕ್-ಜಾವಕ್ ಟೇಬಲ್ಲಿನಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಶಿಕ್ಕಾ, ತಾರೀಖು ಹಾಕಿಸಿಕೊಳ್ಳಿ. ಆ ಪೋಚ್ ಇಲ್ಲದಿದ್ದರೆ ಮುಂದೆ 30 ದಿನದ ಲೆಕ್ಕವನ್ನು ಯಾವ ತಾರೀಖಿನಿಂದ ಹಿಡಿಯುವುದು?

ರಸ್ತೆಯ ಹೆಸರು, ಎಲ್ಲಿಂದ ಎಲ್ಲಿಗೆ, ಯಾವ ವರ್ಷದ ಕೆಲಸ ಎಂದು ಬರೆದು ಇವುಗಳ ದೃಢೀಕೃತ ಪ್ರತಿ ಕೇಳಿ: ಅಂದಾಜುಪಟ್ಟಿ, ಕಾರ್ಯಾದೇಶ, ಕೊಟ್ಟ ಬಿಲ್ಲುಗಳು, ಡಾಂಬರು ಮಿಶ್ರಣ ತಂದ ಲಾರಿಗಳ ತೂಕದ ಚೀಟಿ, ಪ್ರಯೋಗಾಲಯದ ವರದಿ, ದೋಷ ಕಂಡರೆ ಗುತ್ತಿಗೆದಾರ ಎಷ್ಟು ವರ್ಷ ಸ್ವಂತ ಖರ್ಚಿನಲ್ಲಿ ಸರಿಮಾಡಬೇಕು ಎಂಬ ಕರಾರಿನ ಪುಟ. ಎಲ್ಲಕ್ಕಿಂತ ಮುಖ್ಯವಾದದ್ದು ಅಳತೆ ಪುಸ್ತಕ. ಕಚೇರಿಯಲ್ಲಿ ಅದಕ್ಕೆ ‘ಎಂ.ಬಿ.’ ಅಥವಾ ‘ಮೋಜ್‌ಮಾಪ್ ಪುಸ್ತಿಕಾ’ ಎನ್ನುತ್ತಾರೆ. ಉದ್ದ, ಅಗಲ, ದಪ್ಪ ಎಂದು ಕಾಲಂ ಎಳೆದು, ಜೂನಿಯರ್ ಇಂಜಿನಿಯರ್ ಅಳೆದು ಬರೆದು ಸಹಿ ಹಾಕಿರುವ ಪುಟ ಅದು. ಬಿಲ್ಲು ಪಾಸಾಗುವುದು ಅದರ ಮೇಲೆಯೇ.

ಉದಾಹರಣೆಗೆ 200 ಮೀಟರ್ ಉದ್ದ, 6 ಮೀಟರ್ ಅಗಲದ ರಸ್ತೆಗೆ 5 ಸೆಂಟಿಮೀಟರ್ ದಪ್ಪ ಎಂದು ಬರೆದಿದೆ ಎನ್ನಿ. ಒಟ್ಟು 60 ಘನ ಮೀಟರ್. ಸ್ಥಳದಲ್ಲಿ 3 ಸೆಂಟಿಮೀಟರ್ ಮಾತ್ರ ಇದ್ದರೆ 36. ಉಳಿದ 24 ಘನ ಮೀಟರ್ ಬರೇ ಕಾಗದದಲ್ಲಿದೆ. ಒತ್ತಿದ ಡಾಂಬರು ಮಿಶ್ರಣ ಘನ ಮೀಟರಿಗೆ ಸುಮಾರು 2.3 ಟನ್ ತೂಗುತ್ತದೆ. ಅಂದರೆ ಸುಮಾರು 55 ಟನ್ ಮಾಲು ನಿಮ್ಮ ಗಲ್ಲಿಗೆ ಬಂದೇ ಇಲ್ಲ. ತೂಕದ ಚೀಟಿ ಕೇಳಬೇಕು ಎಂದದ್ದು ಇದಕ್ಕೇ.

ದಪ್ಪ ನೋಡುವುದು ಕಷ್ಟವಲ್ಲ. ಹೊಂಡದ ಅಂಚಿನಲ್ಲಿ ಪದರ ಒಡೆದು ನಿಂತಿರುತ್ತದೆ. ಮಣ್ಣು ಒರೆಸಿ ಸ್ಟೀಲ್ ಸ್ಕೇಲನ್ನು ನೆಟ್ಟಗೆ ಹಿಡಿದು ಫೋಟೋ ತೆಗೆಯಿರಿ. ಕೆಳಗಿನ ಹಳೆಯ ಪದರವನ್ನು ಸೇರಿಸಿ ಅಳೆದರೆ ಲೆಕ್ಕ ಉಲ್ಟಾ ಆಗಿ ನಿಮ್ಮ ವಾದವೇ ಬೀಳುತ್ತದೆ, ಎರಡರ ನಡುವಿನ ಗೆರೆ ಹುಡುಕಿ. ಐದಾರು ಕಡೆ ಅಳೆದು, ಅಂಕಿಗಳನ್ನು ಎಂ.ಬಿ. ಪ್ರತಿಯ ಪಕ್ಕದಲ್ಲಿ ಬರೆದು, ‘ನಮ್ಮ ಎದುರಿನಲ್ಲಿ ರಸ್ತೆ ಕೊರೆದು ಕೋರ್ ತೆಗೆದು ದಪ್ಪ ಪರೀಕ್ಷಿಸಿ’ ಎಂದು ಪಾಲಿಕೆ ಆಯುಕ್ತರಿಗೆ ಪತ್ರ ಕೊಡಿ. ದಪ್ಪ ಸರಿಯಿದ್ದೂ ರಸ್ತೆ ಕಿತ್ತಿದ್ದರೆ ಕಾರಣ ಬೇರೆ. ಮಿಶ್ರಣ ಆರಿದ ಮೇಲೆ ರೋಲರ್ ಓಡಿಸಿದರೆ ಕಲ್ಲಿಗೆ ಕಲ್ಲು ಕಚ್ಚುವುದಿಲ್ಲ. ಇಳಿಜಾರು, ಗಟಾರ ಸರಿಯಿಲ್ಲದೆ ನೀರು ನಿಂತರೂ ಡಾಂಬರು ಏಳುತ್ತದೆ. ಹಾಗಾಗಿ ಅಳೆಯುವ ಮೊದಲೇ ‘ತಿಂದರು’ ಎಂದು ಬರೆಯಬೇಡಿ.

30 ದಿನದಲ್ಲಿ ಉತ್ತರ ಬಾರದಿದ್ದರೆ ಅದೇ ಕಚೇರಿಯ ಮೇಲಧಿಕಾರಿಗೆ 20 ರೂಪಾಯಿ ಸ್ಟಾಂಪಿನೊಂದಿಗೆ ಮೊದಲ ಮೇಲ್ಮನವಿ, ಅದರ ನಂತರ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ ಎರಡನೆಯದು. ಮಾಹಿತಿ ಕೊಡದ ಅಧಿಕಾರಿಗೆ ಆಯೋಗ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಹಾಕಬಹುದು. ಆದರೆ ಆಯೋಗದಲ್ಲಿ ಕಾಯುವುದು ದೀರ್ಘ. ಅದಕ್ಕೇ ಮೊದಲ ಅರ್ಜಿಯಲ್ಲೇ ಜೋಪಾನ ಬೇಕು.

ಪ್ರಶ್ನೆ: ನಮ್ಮದು ಚಿಕ್ಕ ಹೋಟೆಲು. ಪರವಾನಗಿ ನವೀಕರಣಕ್ಕೆ ‘ಚಾಯ್-ಪಾನಿ’ ಎಂದು ಎಂಟು ಸಾವಿರ ಕೇಳುತ್ತಿದ್ದಾರೆ. ಕೊಟ್ಟು ಮುಗಿಸಿ ಎನ್ನುತ್ತಾರೆ ಎಲ್ಲರೂ. ಮನಸ್ಸು ಒಪ್ಪುವುದಿಲ್ಲ. — ಓದುಗರೊಬ್ಬರು, ಭಾಂಡೂಪ್

ಉತ್ತರ: ಕೊಡಬೇಡಿ. ಭ್ರಷ್ಟಾಚಾರ ತಡೆ ಕಾಯಿದೆಯ 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ಪೊಲೀಸರಿಗೋ ಭ್ರಷ್ಟಾಚಾರ ನಿಗ್ರಹ ದಳಕ್ಕೋ ತಿಳಿಸಿದರೆ ಮಾತ್ರ ರಕ್ಷಣೆ.

ದಳದ ಸಹಾಯವಾಣಿ 1064. ಹೋಗುವ ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಅರ್ಜಿ ಕೊಟ್ಟ ತಾರೀಖು, ಪೋಚ್ ನಂಬರು, ಹಣ ಕೇಳಿದ ದಿನ, ಹೊತ್ತು, ಜಾಗ, ಕೇಳಿದವರ ಹುದ್ದೆ, ಅವರು ಆಡಿದ ಮಾತು ಅಕ್ಷರಶಃ. ‘ಸಾಹೇಬರಿಗೆ ಎಂಟು ಆಗುತ್ತೆ’ ಎಂದಿದ್ದರೆ ಹಾಗೆಯೇ ಬರೆಯಿರಿ. ‘ಲಂಚಕ್ಕಾಗಿ ಪೀಡಿಸಿದರು’ ಎಂದರೆ ತನಿಖೆಗೆ ಏನೂ ಸಿಗುವುದಿಲ್ಲ. ದಳದವರು ಮೊದಲು ಪಂಚರ ಎದುರು, ರೆಕಾರ್ಡರ್ ಇಟ್ಟು, ಬೇಡಿಕೆ ನಿಜವೇ ಎಂದು ಖಚಿತಪಡಿಸಿಕೊಳ್ಳುತ್ತಾರೆ. ಆಮೇಲೆ ನೋಟುಗಳ ನಂಬರು ಬರೆದುಕೊಂಡು ಫಿನಾಲ್ಫ್ತಲೀನ್ ಪುಡಿ ಸವರಿ, ಹಣ ಕೇಳಿದವರಿಗೆ ಕೊಡಲು ನಿಮ್ಮೊಂದಿಗೆ ಕಳಿಸುತ್ತಾರೆ. ಮುಟ್ಟಿದ ಕೈಯನ್ನು ಸೋಡಿಯಂ ಕಾರ್ಬೊನೇಟ್ ನೀರಿನಲ್ಲಿ ಅದ್ದಿದರೆ ನೀರು ಗುಲಾಬಿಯಾಗುತ್ತದೆ.

ಕೆಡುವುದು ಎಲ್ಲಿ ಎಂದರೆ, ದೂರುದಾರರು ಗಾಬರಿಯಲ್ಲಿ ಹೋದ ಕೂಡಲೇ ಹಣ ಮುಂದೆ ಚಾಚುತ್ತಾರೆ. ಅಧಿಕಾರಿ ಕೇಳಬೇಕು, ಆಮೇಲೆ ನೀವು ಕೊಡಬೇಕು. ಬೇಡಿಕೆ, ಸ್ವೀಕಾರ ಎರಡೂ ಸಾಬೀತಾಗಲೇಬೇಕು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2022ರ ಡಿಸೆಂಬರಿನಲ್ಲಿ ಹೇಳಿದೆ. ಜೇಬಿನಲ್ಲಿ ನೋಟು ಸಿಕ್ಕಿದ್ದಷ್ಟೇ ಸಾಲದು. ಕೈ ಕುಲುಕಬೇಡಿ, ನಿಮ್ಮ ಕೈಯ ಪುಡಿ ಅವರ ಕೈಗೆ ಹತ್ತಿದರೆ ಅವರ ವಕೀಲರಿಗೆ ಅಷ್ಟು ಸಾಕು.

ಪ್ರಶ್ನೆ: ಒಂದು ಕಚೇರಿಯ ಭ್ರಷ್ಟಾಚಾರದ ಬಗ್ಗೆ ಅಧಿಕಾರಿಯ ಹೆಸರು ಹಾಕಿ ಲೇಖನ ಬರೆದೆ. ಸಂಪಾದಕರು ವಾಪಸು ಕಳಿಸಿದರು. ನಿಜ ಬರೆಯುವುದಕ್ಕೂ ಹೆದರಬೇಕೆ? — ಓದುಗರೊಬ್ಬರು, ವಾಸ್ಕೋ

ಉತ್ತರ: ನಿಜವಾಗಿದ್ದು, ಪ್ರಕಟಿಸಿದ್ದು ಸಾರ್ವಜನಿಕರ ಒಳಿತಿಗಾಗಿಯೂ ಆಗಿದ್ದರೆ ಅದು ಮಾನನಷ್ಟವಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ನಿನಲ್ಲೂ ಆ ವಿನಾಯಿತಿ ಉಳಿದಿದೆ. ಆದರೆ ನಿಜ ಎಂದು ತೋರಿಸುವ ಹೊರೆ ಬರೆದವರ ಮೇಲೆ, ಪ್ರಕಟಿಸಿದವರ ಮೇಲೆ. ನಿಮ್ಮ ಲೇಖನದಲ್ಲಿ ‘ಲಂಚಕೋರ’ ಎಂಬ ಪದ ನಾಲ್ಕು ಸಲ ಇದೆ, ತಾರೀಖು ಒಂದೂ ಇಲ್ಲ. ಅದನ್ನು ತೆಗೆದು ಹೀಗೆ ಬರೆಯಿರಿ: ಅರ್ಜಿ ಇಂಥ ದಿನ ಕೊಡಲಾಯಿತು, ಇಷ್ಟು ದಿನ ಆ ಟೇಬಲ್ಲಿನಲ್ಲಿತ್ತು, ಅದರ ನಂತರ ಕೊಟ್ಟ ಮೂವರ ಅರ್ಜಿ ಇಷ್ಟು ದಿನದಲ್ಲಿ ಪಾಸಾಯಿತು. ಅಧಿಕಾರಿಗೆ ಪ್ರಶ್ನೆಗಳನ್ನು ಬರಹದಲ್ಲಿ ಕಳಿಸಿ ವಾರ ಕಾಯಿರಿ, ಉತ್ತರ ಬಂದರೆ ಪೂರ್ತಿ ಹಾಕಿ, ಬಾರದಿದ್ದರೆ ಬರಲಿಲ್ಲ ಎಂದು ಬರೆಯಿರಿ. ಹೀಗೆ ತಿದ್ದಿದ ಪ್ರತಿಯನ್ನು ದಾಖಲೆಗಳ ಜೆರಾಕ್ಸ್ ಜೊತೆ ಅದೇ ಸಂಪಾದಕರಿಗೆ ಮತ್ತೊಮ್ಮೆ ಕಳಿಸಿ.

ಪ್ರಶ್ನೆ: ಕನ್ನಡ ಬರಹದಲ್ಲಿ ಮರಾಠಿ ಮಾತು ಬಂದರೆ ಅರ್ಥ ಕೊಡಬೇಕೆ? — ಓದುಗರೊಬ್ಬರು, ಬೋರಿವಲಿ

ಉತ್ತರ: ಬೇಡ. ‘ಪೋಚ್ ಕೊಟ್ಟರೆ ಮಾತ್ರ ಅರ್ಜಿ ಬಿಟ್ಟು ಬರುತ್ತೇನೆ’ ಎಂದು ಬರೆದರೆ ಹುಬ್ಬಳ್ಳಿಯ ಓದುಗರಿಗೂ ಅದು ಸ್ವೀಕೃತಿ ಚೀಟಿ ಎಂದು ಗೊತ್ತಾಗುತ್ತದೆ. ವಾಕ್ಯದಿಂದ ಅರ್ಥ ಹೊಳೆಯದಿದ್ದರೆ ಆ ವಾಕ್ಯವನ್ನು ತಿದ್ದಿ.