ಬಾಗಿಲು ತೆರೆದ ಮೇಲೆ ಕೇಳಿದ ಹಣ

ಮಾನ್ಯ ಓದುಗರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ರಾತ್ರಿ ಕಸದ ಬುಟ್ಟಿಯನ್ನು ಹೊರಗಿಡಲು ಬಂದಾಗ ಗಾಳಿಗೆ ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಬೀಗದ ಕೈ ಒಳಗೇ ಉಳಿಯಿತು, ಒಳಗೆ ಮಗು ಮಲಗಿತ್ತು. ಪಕ್ಕದ ಮನೆಯವರ ಫೋನಿನಿಂದ ಕರೆಸಿದ ಬೀಗದ ಕೆಲಸದವರು ಫೋನಿನಲ್ಲಿ ಒಂದು ಮೊತ್ತ ಹೇಳಿದ್ದರು. ಬಂದವರೇ ಡ್ರಿಲ್ ಹಚ್ಚಿ ಬೀಗವನ್ನು ಕೊರೆದರು, ಹೊಸ ಬೀಗ ಕೂರಿಸಿದರು, ಆಮೇಲೆ ಹೇಳಿದ್ದರ ಆರು ಪಟ್ಟು ಹಣ ಕೇಳಿದರು. ಕೊಡುವವರೆಗೆ ಹೊಸ ಬೀಗದ ಕೈಗಳನ್ನು ಕೊಡಲಿಲ್ಲ. ನೀವು ಕಾರ್ಡಿನಿಂದ ಪಾವತಿಸಿದಿರಿ. ಆಗಲೇ ಗಟ್ಟಿಯಾಗಿ ಬೇಡವೆನ್ನದಿದ್ದದ್ದು ನಿಮ್ಮ ತಪ್ಪೇ, ಒಮ್ಮೆ ಕೊಟ್ಟ ಮೇಲೆ ಕೇಳುವ ಹಕ್ಕು ಉಳಿದಿದೆಯೇ ಎಂಬುದು ನಿಮ್ಮ ಪ್ರಶ್ನೆ.

ಮೊದಲನೆಯದಕ್ಕೆ ನನ್ನ ಉತ್ತರ ಒಂದೇ ಮಾತಿನದು: ತಪ್ಪು ನಿಮ್ಮದಲ್ಲ. ಮಗು ಒಳಗಿರುವಾಗ ತಾಯಿಯೊಬ್ಬರು ಹೊಸ್ತಿಲಲ್ಲಿ ನಿಂತು ಚೌಕಾಸಿ ಮಾಡಲಿಲ್ಲವೆಂದು ಯಾರೂ ಅವರನ್ನು ದೂರಲಾರರು. ಎರಡನೆಯದಕ್ಕೆ ಸ್ವಲ್ಪ ವಿವರವಾಗಿ ಬರೆಯಬೇಕಾಗಿದೆ.

ಸರಿರಾತ್ರಿಯಲ್ಲಿ ಎದ್ದು ಬರುವ ಕೆಲಸಗಾರರಿಗೆ ಹಗಲಿನ ದರಕ್ಕಿಂತ ಹೆಚ್ಚು ಕೊಡುವುದು ನ್ಯಾಯವೇ. ಅವರ ನಿದ್ದೆ, ಓಡಾಟದ ಖರ್ಚು, ಸಲಕರಣೆ, ವರ್ಷಗಟ್ಟಲೆ ಕಲಿತ ಕೈಚಳಕ ಇವೆಲ್ಲಕ್ಕೂ ಬೆಲೆಯಿದೆ. ಐದು ನಿಮಿಷದ ಕೆಲಸಕ್ಕೆ ಇಷ್ಟೊಂದೇ ಎಂದು ಕೇಳುವುದು ಸರಿಯಲ್ಲ, ಏಕೆಂದರೆ ಐದೇ ನಿಮಿಷದಲ್ಲಿ ಮುಗಿಸಬಲ್ಲ ಕುಶಲತೆಗೇ ನಾವು ಹಣ ಕೊಡುವುದು. ಆದ್ದರಿಂದ ನಿಮ್ಮ ತಕರಾರು ಕೇವಲ ಮೊತ್ತ ದೊಡ್ಡದಾಯಿತು ಎಂಬುದರ ಮೇಲೆ ನಿಂತರೆ ಗಟ್ಟಿಯಾಗುವುದಿಲ್ಲ. ಆ ರಾತ್ರಿ ನಿಮ್ಮ ತುರ್ತು ಯಾವ ಗಳಿಗೆಯಲ್ಲಿ ಮುಗಿಯಿತು ಎಂಬ ಪ್ರಶ್ನೆಯ ಮೇಲೆ ಅದು ನಿಲ್ಲಬೇಕು. ಬಾಗಿಲು ತೆರೆದು ನೀವು ಮಗುವಿನ ಬಳಿಗೆ ಹೋದಾಗ ಅದು ಮುಗಿಯಿತು. ಆನಂತರದ ಯಾವ ಕೆಲಸವನ್ನೂ, ಅಗತ್ಯವಿಲ್ಲದಿದ್ದರೂ ಅದಕ್ಕೆ ಮುಂಚೆ ಮಾಡಿದ ಯಾವ ಹಾನಿಯನ್ನೂ ತುರ್ತಿನ ದರದಲ್ಲಿ ಲೆಕ್ಕ ಹಾಕಲಾಗದು.

ಇಲ್ಲಿ ಬೀಗದ ಒಳರಚನೆಯನ್ನು ತಿಳಿದುಕೊಳ್ಳುವುದು ಉಪಯುಕ್ತ. ಇಂದು ಮನೆಗಳ ಬಾಗಿಲಲ್ಲಿ ಸಾಮಾನ್ಯವಾಗಿ ಕಾಣುವ ಸಿಲಿಂಡರ್ ಬೀಗದ ಮಾದರಿಗೆ ಅಮೆರಿಕದ ಲೈನಸ್ ಯೇಲ್ ಕಿರಿಯರು 1861ರಲ್ಲಿ ಪೇಟೆಂಟ್ ಪಡೆದರು. ಅದರೊಳಗೆ ಸ್ಪ್ರಿಂಗಿನ ಒತ್ತಡದಲ್ಲಿರುವ ಸಣ್ಣ ಮೊಳೆಗಳ ಸಾಲು ಸಿಲಿಂಡರ್ ತಿರುಗದಂತೆ ತಡೆದಿರುತ್ತದೆ. ಸರಿಯಾದ ಕೀಲಿ ಪ್ರತಿಯೊಂದು ಮೊಳೆಯನ್ನೂ ಬೇಕಾದಷ್ಟೇ ಎತ್ತರಕ್ಕೆ ಎತ್ತಿದಾಗ ಅದು ತಿರುಗುತ್ತದೆ. ನುರಿತವರು ತೆಳುವಾದ ಕಡ್ಡಿಯಿಂದ ಅವನ್ನು ಒಂದೊಂದಾಗಿ ಎತ್ತಿ, ಬೀಗ ಕೆಡದಂತೆ ತೆರೆಯಬಲ್ಲರು. ನಿಮ್ಮ ಸಂದರ್ಭದಲ್ಲಿ ಅದೂ ಬೇಕಿರಲಿಲ್ಲವೆಂದು ನನಗೆ ತೋರುತ್ತದೆ. ಗಾಳಿಗೆ ಮುಚ್ಚಿಕೊಂಡ ಬಾಗಿಲಲ್ಲಿ ಬೀಗ ಹಾಕಿರಲಿಲ್ಲ, ಸ್ಪ್ರಿಂಗಿನ ಚಿಲಕವಷ್ಟೇ ಬಿದ್ದಿತ್ತು. ಅಂಥ ಚಿಲಕವನ್ನು ಬಾಗಿಲ ಸಂದಿನಿಂದ ಹಿಂದಕ್ಕೆ ತಳ್ಳಲು ಹಲವು ವೇಳೆ ಸಾಧ್ಯವಾಗುತ್ತದೆ. ಬೇರೆ ದಾರಿಗಳು ಮುಗಿದ ಮೇಲೆ ಎತ್ತಿಕೊಳ್ಳಬೇಕಾದ ಸಾಧನ ಡ್ರಿಲ್, ಏಕೆಂದರೆ ಒಮ್ಮೆ ಕೊರೆದ ಬೀಗಕ್ಕೆ ಬದಲಿ ಕೊಳ್ಳಲೇಬೇಕು. ಬಂದ ಕೂಡಲೇ ಕೊರೆದವರು ಕೌಶಲ ಸಾಲದವರಾಗಿರಬಹುದು ಅಥವಾ ಹೊಸ ಬೀಗ ಮಾರುವ ಉದ್ದೇಶದವರಾಗಿರಬಹುದು; ಎರಡರಲ್ಲಿ ಯಾವುದಾದರೂ ಆ ಖರ್ಚು ನಿಮ್ಮ ಮೇಲೆ ಬೀಳಬಾರದು.

ಈ ವಿವೇಚನೆ ನನ್ನೊಬ್ಬನದಲ್ಲ. ಮನೆ ಬಾಗಿಲಲ್ಲಿ ಮಾಡಿಕೊಂಡ ಒಪ್ಪಂದದಿಂದ 14 ದಿನಗಳೊಳಗೆ ಹಿಂದೆ ಸರಿಯುವ ಹಕ್ಕನ್ನು ಕೊಡುವ ಯುರೋಪಿಯನ್ ಒಕ್ಕೂಟದ 2011ರ ಗ್ರಾಹಕ ಹಕ್ಕುಗಳ ನಿರ್ದೇಶನವು, ಗ್ರಾಹಕರೇ ಕರೆಸಿಕೊಂಡ ತುರ್ತು ದುರಸ್ತಿಗೆ ಆ ಹಕ್ಕನ್ನು ಅನ್ವಯಿಸುವುದಿಲ್ಲ. ಆದರೆ ಕರೆದದ್ದಕ್ಕಿಂತ ಹೆಚ್ಚಿನ ಕೆಲಸ ಮಾಡಿದ್ದರೆ, ದುರಸ್ತಿಗೆ ಅನಿವಾರ್ಯವಲ್ಲದ ಸಾಮಾನು ಮಾರಿದ್ದರೆ, ಆ ಭಾಗಕ್ಕೆ ಹಕ್ಕು ಮತ್ತೆ ಬರುತ್ತದೆ. ನೀವಿರುವಲ್ಲಿನ ಕಾನೂನು ಬೇರೆಯಿರಬಹುದು, ಆದರೂ ತುರ್ತನ್ನೂ ಹೆಚ್ಚುವರಿಯನ್ನೂ ಬೇರೆಬೇರೆಯಾಗಿ ನೋಡುವ ಕ್ರಮ, ಆ ಬೀಗದ ಕೆಲಸದವರಿಗೆ ನೀವು ಬರೆಯುವ ಪತ್ರಕ್ಕೆ ಬೆನ್ನೆಲುಬಾಗಬಲ್ಲದು.

ಹೌದು, ಈಗ ನೀವು ಮಾಡಬೇಕಾದದ್ದು ಪತ್ರ ಬರೆಯುವುದು. ಕರೆ ಮಾಡಿದ ಹೊತ್ತು, ಫೋನಿನಲ್ಲಿ ಹೇಳಿದ ಮೊತ್ತ, ಬೀಗ ಹಾಕಿರಲಿಲ್ಲವೆಂದು ನೀವು ತಿಳಿಸಿದ್ದು, ಕೊರೆಯುವ ಮುನ್ನ ನಿಮ್ಮನ್ನು ಕೇಳದಿದ್ದದ್ದು, ಕೀಲಿಗಳನ್ನು ತಡೆಹಿಡಿದದ್ದು ಇವನ್ನು ನಡೆದ ಕ್ರಮದಲ್ಲೇ, ಒಂದು ಕಟುಮಾತೂ ಇಲ್ಲದೆ ಬರೆಯಿರಿ. ಬಂದು ಹೋದದ್ದಕ್ಕೆ, ಬಾಗಿಲು ತೆರೆದದ್ದಕ್ಕೆ, ಬೀಗದ ಬೆಲೆಗೆ, ಕೂರಿಸಿದ ಕೂಲಿಗೆ ಪ್ರತ್ಯೇಕ ಲೆಕ್ಕವಿರುವ ಬಿಲ್ ಕೇಳಿರಿ. ಬೇರೆ ಇಬ್ಬರು ಬೀಗದ ಕೆಲಸದವರಿಂದ ಅದೇ ಹೊತ್ತಿನ, ಅದೇ ಕೆಲಸದ ದರವನ್ನು ಬರಹದಲ್ಲಿ ಪಡೆದು ಜೊತೆಗಿಡಿ. ನ್ಯಾಯವೆಂದು ನಿಮಗೆ ತೋರುವ ಮೊತ್ತವನ್ನು ನೀವೇ ಹೆಸರಿಸಿ, ಉಳಿದದ್ದನ್ನು ಹಿಂದಿರುಗಿಸಲು ಎರಡು ವಾರಗಳ ಗಡುವು ಕೊಡಿ. ಪೂರ್ತಿ ಹಣ ವಾಪಸು ಕೇಳಬೇಡಿ; ಬಾಗಿಲನ್ನು ಅವರು ತೆರೆದುಕೊಟ್ಟದ್ದು ನಿಜ, ಅದನ್ನು ಒಪ್ಪಿಕೊಂಡ ಪತ್ರಕ್ಕೆ ತೂಕ ಹೆಚ್ಚು.

ಬ್ಯಾಂಕಿಗೂ ಕೂಡಲೇ ತಿಳಿಸಿ, ಏಕೆಂದರೆ ಕಾರ್ಡ್ ಪಾವತಿಯ ತಕರಾರಿಗೆ ಕಾಲಮಿತಿ ಇರುತ್ತದೆ. ದರ ಜಾಸ್ತಿಯಾಯಿತೆಂಬ ಒಂದೇ ಕಾರಣಕ್ಕೆ ಅವರು ಹಣ ಹಿಂದಿರುಗಿಸುವುದು ಕಷ್ಟ; ಮೊದಲು ಹೇಳಿದ ಮೊತ್ತವೊಂದು, ಕಡಿತವಾದದ್ದು ಇನ್ನೊಂದು ಎಂಬುದನ್ನೇ ಮುಂದಿಡಿ. ಆ ಮೊದಲ ಮೊತ್ತ ಮಾತಿನಲ್ಲಷ್ಟೇ ಇದ್ದುದರಿಂದ, ಫೋನ್ ಕೊಟ್ಟ ನೆರೆಯವರು ಕೇಳಿಸಿಕೊಂಡದ್ದನ್ನು ಅವರಿಂದಲೇ ಬರೆಸಿ ಸಹಿ ಹಾಕಿಸಿಕೊಳ್ಳಿ. ಇಷ್ಟಾದರೂ ಉತ್ತರ ಬಾರದಿದ್ದರೆ ಇದೇ ಕಾಗದಗಳೊಡನೆ ಗ್ರಾಹಕರ ದೂರು ಕೇಳುವ ಅಧಿಕೃತ ಸಂಸ್ಥೆಗೆ ಹೋಗಬಹುದು. ಕೀಲಿ ತಡೆಹಿಡಿದು ಪಡೆದ ಒಪ್ಪಿಗೆಯನ್ನು ಮುಕ್ತ ಒಪ್ಪಿಗೆ ಎನ್ನಲು ಅಲ್ಲಿ ಯಾರೂ ಸುಲಭವಾಗಿ ಮುಂದಾಗಲಾರರು.

ಪತ್ರದ ಕೊನೆಗೆ, ಕೊರೆದ ಹಳೆಯ ಬೀಗ ಮೆಟ್ಟಿಲ ಮೇಲೆಯೇ ಬಿದ್ದಿದೆ, ನೋಡಿದಾಗಲೆಲ್ಲ ಸಂಕಟವಾಗುತ್ತದೆ, ಎಸೆದುಬಿಡಲೇ ಎಂದು ಕೇಳಿದ್ದೀರಿ. ದಯವಿಟ್ಟು ಎಸೆಯಬೇಡಿ. ಚಿಲಕದ ಭಾಗ ಹೊರಚಾಚಿ ನಿಂತಿದೆಯೇ, ಬೀಗದ ನಾಲಗೆ ಒಳಗೇ ಇದೆಯೇ ಎಂಬುದು ಕಾಣುವಂತೆ ಅದರ ಚಿತ್ರ ತೆಗೆದು, ಇನ್ನೊಬ್ಬ ಅನುಭವಿ ಬೀಗದ ಕೆಲಸದವರಿಗೆ ತೋರಿಸಿ, ಕೊರೆಯುವ ಅಗತ್ಯವಿತ್ತೇ ಎಂದು ಅವರಿಂದ ನಾಲ್ಕು ಸಾಲು ಬರೆಸಿಕೊಂಡು, ಬಿಲ್ಲಿನ ಜೊತೆಗೇ ಜೋಪಾನವಾಗಿ ಇಡಿ.

— ಸಂಪಾದಕ